ಅಂಗಡಿಯ ಕಜ್ಜಾಯ

ಕ್ರಿಸ್‌ಮಸ್ ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ಡಿಸೆಂಬರ್ ಕೊನೆಗೆ ಮಂಡ್ಯದ ಬೇಕರಿಗಳ ಗಾಜಿನ ಪೆಟ್ಟಿಗೆಯೊಳಗೆ ಬಂದು ಕೂರುವ ಪ್ಲಮ್ ಕೇಕು ಮತ್ತು ನಮ್ಮ ಕಾಲೇಜಿಗೆ ಸಿಗುವ ಒಂದು ದಿನದ ರಜೆ. ಅದು ಭಾನುವಾರ ಬಿದ್ದುಬಿಟ್ಟರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಸಪ್ಪಗಾಗುತ್ತಿತ್ತು. ಇಂಥ ನಾನು ಹೋದ ವರ್ಷ ಆ ಹಬ್ಬವನ್ನು ಐರ್ಲೆಂಡಿನಲ್ಲಿ, ಗೆಳೆಯನ ಮನೆಯಲ್ಲಿ, ಅವನ ಹೆಂಡತಿ ಮಕ್ಕಳು ಮತ್ತು ತಾಯಿಯ ಜೊತೆ ಮಾಡಿ ಬಂದೆ. ಬಂದವನು ನೆಮ್ಮದಿಯಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಸುಳ್ಳು ಈಗಾಗಲೇ ಸಾಕಷ್ಟು ಹೇಳಿದ್ದೇನೆ.

ಕಾಲೇಜಿನಿಂದ ಒಂದು ತರಬೇತಿಗೆಂದು ಆ ದೇಶಕ್ಕೆ ಕಳಿಸಿದ್ದರು. ಹಬ್ಬ ಬಂತೆಂದು ಅಲ್ಲಿನ ಹಾಸ್ಟೆಲ್ಲಿಗೆ ಬೀಗ ಬೀಳುವುದರಲ್ಲಿತ್ತು. ಗೆಳೆಯ ಫೋನ್ ಮಾಡಿ, "ಬಾರ್ಲಾ ನಮ್ಮನೆಗೆ. ಅವ್ವನೂ ಬಂದವ್ಳೆ. ನೀನೊಬ್ನೇ ಅಲ್ಲಿ ಚಳೀಲಿ ಏನ್ ಮಾಡೀಯೆ?" ಅಂದ. ಅವನು ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಳವಳ್ಳಿ ಕಡೆಯವಳಾದ ಅವನ ಹೆಂಡತಿಯೂ ನರ್ಸು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ತಾಯಿ ಮೂರು ತಿಂಗಳ ಮಟ್ಟಿಗೆ ಹೋಗಿದ್ದರು.

ನಾನೂ ಅವನೂ ಕೊಪ್ಪದ ಪಕ್ಕದ ಒಂದೇ ಹಳ್ಳಿಯವರು. ಮದ್ದೂರಿನ ಹೈಸ್ಕೂಲಿಗೂ ಆಮೇಲೆ ಮಂಡ್ಯದ ಕಾಲೇಜಿಗೂ ಒಂದೇ ಬಸ್ಸಿನಲ್ಲಿ ನೇತಾಡಿಕೊಂಡು ಹೋದವರು. ಹೋಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ತಿಂದಿದ್ದೇವೆ. ಆದರೆ ಅವನ ಮನೆಯಲ್ಲಿ ನಾನು ಒಂದು ದಿನವೂ ಉಂಡಿಲ್ಲ, ನಮ್ಮ ಮನೆಯ ಹೊಸಲು ಅವನು ಒಂದು ದಿನವೂ ದಾಟಿಲ್ಲ. ಅವನ ತಾಯಿ ನಮ್ಮ ಗದ್ದೆಗೆ ಕಳೆ ಕೀಳಲು, ಕಬ್ಬಿನ ಸೋಗೆ ಬಿಡಿಸಲು ಬರುತ್ತಿದ್ದರು. ಅವರಿಗೆಂದು ಜಗಲಿಯ ಗೋಡೆಯ ಗೂಡಿನಲ್ಲಿ ಒಂದು ಲೋಟ ಇತ್ತು. ನಮ್ಮವ್ವ ಮೇಲಿನಿಂದ ಕಾಫಿ ಹುಯ್ಯುವಳು. ಅವರು ಕುಡಿದು, ನಲ್ಲಿಯಲ್ಲಿ ತಾವೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುವರು. ಗೆಳೆಯನ ಅಪ್ಪನ ಕಾಲಕ್ಕೇ ಅವರ ಮನೆಯವರು ಬೌದ್ಧರಾದರು. ಗೂಡಿನಲ್ಲಿದ್ದ ಲೋಟ ಮಾತ್ರ ಏನೂ ಆಗಲಿಲ್ಲ, ಅಲ್ಲೇ ಇತ್ತು. ಈಚೆಗೆ ಮನೆ ರಿಪೇರಿ ಮಾಡಿಸಿದಾಗ ಗೂಡು ಹೋಯಿತು, ಲೋಟವೂ ಹೋಯಿತು. ಈಗ ಪೇಪರ್ ಲೋಟ ಬಂದಿದೆ. ಅದು ಬರುವುದು ಯಾರು ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನು ವಿಮಾನ ಹತ್ತುವ ಮೊದಲು ಅವ್ವ ನಾಲ್ಕು ಅಚ್ಚು ಬೆಲ್ಲ ಕಟ್ಟಿಕೊಟ್ಟಳು. "ಪರದೇಸದಲ್ಲವ್ರೆ, ಪಾಪ. ಅವ್ಳ್ ಮಗನ್ನ ಕಂಡ್ರೆ ಕೊಡು" ಅಂದಳು. ಮಾರುವುದಕ್ಕೆ ಮಾಡುವ ಬೆಲ್ಲಕ್ಕೆ ಬಣ್ಣ ಬರಲೆಂದು ಔಷಧಿ ಹಾಕುತ್ತಾರೆ. ಮನೆ ಖರ್ಚಿಗೆಂದು ಅವ್ವ ಆಲೆಮನೆಯಲ್ಲಿ ಎದುರಿಗೆ ಕೂತು, ಏನೂ ಹಾಕದೆ ಮಾಡಿಸುವ ಬೆಲ್ಲ ಇದು. ನೋಡಲು ಕರ್ರಗೆ, ಕುರೂಪಿ. ಕೊಡುವುದಕ್ಕೆ ಅವ್ವನಿಗೆ ಯಾವತ್ತೂ ಅಡ್ಡಿ ಇಲ್ಲ. ತೆಗೆದುಕೊಳ್ಳುವುದಕ್ಕೆ ಬಂದಾಗ ಮಾತ್ರ ಎಲ್ಲ ಕಾನೂನೂ ಎದ್ದು ನಿಲ್ಲುತ್ತವೆ.

ಹಬ್ಬದ ಹಿಂದಿನ ಸಂಜೆ ಅವರ ಮನೆ ತಲುಪಿದೆ. ನಾಲ್ಕೂವರೆಗೇ ಕತ್ತಲಾಗಿತ್ತು. ಹಜಾರದಲ್ಲಿ ಬುದ್ಧನ ಫೋಟೊ, ಅದರ ಪಕ್ಕದಲ್ಲಿ ಮಕ್ಕಳು ಶೃಂಗರಿಸಿದ ಕ್ರಿಸ್‌ಮಸ್ ಮರ. ಗೆಳೆಯನ ತಾಯಿ ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡವರೇ, "ಬಂದ್ರಾ ಬುದ್ದೀ" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಅವರದೇ ಮನೆಯಲ್ಲಿ, ಅಷ್ಟು ದೂರದ ದೇಶದಲ್ಲಿ, ನನಗೆ ದಾರಿ ಬಿಡಲು! ನಾನು ಏನೆಂದು ಮಾತಾಡಿಸಲಿ? ಊರಿನಲ್ಲಿ ಹುಡುಗನಾಗಿದ್ದಾಗಿನಿಂದ ಅವರನ್ನು ಹೆಸರು ಹಿಡಿದು, ಬಾ ಹೋಗು ಎಂದೇ ಕರೆದವನು ನಾನು. ಸುಮ್ಮನೆ ಹಲ್ಲು ಕಿಸಿದು ಬೆಲ್ಲದ ಗಂಟು ಕೊಟ್ಟೆ. ಅವರು ಬಿಚ್ಚಿ ಮೂಸಿ, "ಅವ್ವಾರ ಬೆಲ್ಲ" ಅಂದರು. ಅವರ ಕಣ್ಣು ತುಂಬಿತು.

ಆ ರಾತ್ರಿ ಕಿಟಕಿಯಲ್ಲಿ ದೀಪ ಇಡುವುದು ಆ ದೇಶದ ಹಳೆಯ ಪದ್ಧತಿಯಂತೆ. ಮಕ್ಕಳು ಒಂದು ಮೇಣದ ಬತ್ತಿ ಹಚ್ಚಿ ಇಟ್ಟರು. ಯಾಕೆ ಎಂದು ಅಜ್ಜಿ ಕೇಳಿದ್ದಕ್ಕೆ ದೊಡ್ಡವಳು ಹೇಳಿದಳು: ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಜಾಗ ಇಲ್ಲದಿದ್ದರೆ ಈ ಮನೆಗೆ ಬರಬಹುದು ಅಂತ.

"ಯಾರ್ ಬೇಕಾರೂವಾ?" ಅಂದರು ಅಜ್ಜಿ.

"ಹೂಂ."

"ಒಳೀಕೇನಾ?"

ಹುಡುಗಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಾಗಿಲು ತೆಗೆದಮೇಲೆ ಒಳಗೆ ಬಾರದೆ ಎಲ್ಲಿಗೆ ಬರುತ್ತಾರೆ ಎಂಬಂತೆ ಅಜ್ಜಿಯ ಮುಖ ನೋಡಿದಳು. ನನಗೆ ಅರ್ಥವಾಯಿತು. ಎದ್ದುಹೋಗಿ ಮರದ ದೀಪಗಳನ್ನು ನೋಡುತ್ತ ನಿಂತೆ.

ಮಾರನೆಯ ಮಧ್ಯಾಹ್ನ ಎಲ್ಲರೂ ಟೇಬಲ್ಲಿಗೆ ಕೂತೆವು. ಕೋಳಿ ಸಾರು, ಮುದ್ದೆ. ಆ ದೇಶದಲ್ಲಿ ರಾಗಿ ಹಿಟ್ಟು ಹೇಗೆ ಹುಡುಕಿದರೋ, ವಾಸನೆಗೇ ಹೊಟ್ಟೆ ಚುರುಗುಟ್ಟಿತು. ಆದರೆ ನನ್ನ ಮುಂದೆ ಬಂದದ್ದು ಬೇರೆ. ಹೊಚ್ಚ ಹೊಸ ಬಿಳಿ ತಟ್ಟೆ, ಅದರಲ್ಲಿ ಟರ್ಕಿ ಕೋಳಿಯ ಸಪ್ಪೆ ಹೋಳುಗಳು, ಬೇಯಿಸಿದ ಆಲೂಗಡ್ಡೆ, ಗೋಲಿಯಷ್ಟು ಗಾತ್ರದ ಕೋಸು. ಅತಿಥಿಗೆ ಆ ದೇಶದ ಊಟ ತಿನ್ನಿಸುವ ಆಸೆ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದೆ. ಚಿಕ್ಕ ಹುಡುಗ ಸುಮ್ಮನಿರಲಿಲ್ಲ. "ಅಂಕಲ್‌ಗೆ ಯಾಕೆ ಬೇರೆ?" ಅಂದ.

ಗೆಳೆಯ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ತುಟಿಯಲ್ಲಷ್ಟೇ ನಕ್ಕ. "ಅವ್ವನ ಕೆಲ್ಸ ಕಣ್ಲಾ. ನೀನು ನಮ್ಮನೇದು ಉಣ್ಣಾಕಿಲ್ಲ ಅಂತ ಪಕ್ಕದ್ಮನೆ ಆಯಮ್ಮನ ಕೈಲಿ ಮಾಡ್ಸವ್ಳೆ. ತಟ್ಟೆನೂ ಹೊಸ್ದು ತರ್ಸವ್ಳೆ. ಬ್ಯಾಡ ಅಂತ ಬಡ್ಕಂಡೆ, ಕೇಳ್ನಿಲ್ಲ."

ಪಕ್ಕದ ಮನೆಯಾಕೆ ಯಾರೋ, ಯಾವ ಜಾತಿಯೋ, ಅವಳ ಒಲೆಯ ಮೇಲೆ ಇನ್ನೇನು ಬೇಯುತ್ತಿತ್ತೋ ದೇವರೇ ಬಲ್ಲ. ಅದೆಲ್ಲ ನನಗೆ ಆಗುತ್ತದೆ ಎಂದು ಆ ತಾಯಿಗೆ ಗೊತ್ತಿತ್ತು. ನಮ್ಮ ಕಬ್ಬಿನ ಸೋಗೆ ಬಿಡಿಸಿ ಕೈ ಕೊಯ್ದುಕೊಂಡ ತಮ್ಮ ಅಡಿಗೆ ಮಾತ್ರ ಆಗುವುದಿಲ್ಲ ಎಂದೂ ಗೊತ್ತಿತ್ತು. ಅದನ್ನು ಅವರಿಗೆ ಕಲಿಸಿದವರು ನಾವು. ಚೆನ್ನಾಗಿಯೇ ಕಲಿಸಿದ್ದೆವು.

"ನನಗೂ ಮುದ್ದೆ ಹಾಕಿ" ಅಂದೆ.

"ಬ್ಯಾಡಿ ಬುದ್ದೀ. ಅವ್ವಾರಿಗ್ ಗೊತ್ತಾದ್ರೆ ನಂಗ್ ಬೈತಾರೆ."

"ಅವ್ವ ಇಲ್ಲಿಲ್ಲ. ಹಾಕಿ."

ಹಾಕಿದರು. ತಟ್ಟೆಗೆ ಕೈ ತಾಗದ ಹಾಗೆ, ಒಂದು ಗೇಣು ಮೇಲಿನಿಂದ. ನಾನು ಎರಡು ಮುದ್ದೆ ಉಂಡೆ, ಸಾರನ್ನು ಸುರಿದುಕೊಂಡು ಕುಡಿದೆ. ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ ಗೆಳೆಯನ ಮುಖ ನೋಡಿದೆ. ಅವನು, "ಉಂಡಾಯ್ತಲ್ಲ, ತಟ್ಟೆ ತೊಳ್ಕೋ ನಡಿ. ಇಲ್ಲಿ ಎಲ್ರೂ ಅವ್ರವ್ರ್ ತಟ್ಟೆ ಅವ್ರೇ ತೊಳೀಬೇಕು" ಅಂದ.

ಹೊರಡುವ ಹಿಂದಿನ ದಿನ ಮನೆಯೆಲ್ಲ ಬೆಲ್ಲದ ಪಾಕದ ವಾಸನೆ. ಅವ್ವ ಕೊಟ್ಟಿದ್ದ ಬೆಲ್ಲದಲ್ಲೇ ಗೆಳೆಯನ ತಾಯಿ ಕಜ್ಜಾಯ ಸುಟ್ಟರು. ಒಂದು ಸ್ಟೀಲಿನ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿ ನನ್ನ ಕೈಗಿಟ್ಟರು. "ಅವ್ವಾರಿಗೆ ಕೊಡಿ. ನಾ ಸುಟ್ಟುದ್ದು ಅನ್ಬ್ಯಾಡಿ, ಅಂಗ್ಡೀದು ಅಂತ ಯೋಳಿ. ತಿಂದ್ರೆ ಸಾಕು ನಂಗೆ."

ನನಗೆ ರೋಷ ಬಂತು. "ಯಾಕೆ ಸುಳ್ಳು ಹೇಳಲಿ? ನಿಮ್ಮ ಕೈದು ಅಂತಲೇ ಹೇಳಿ ತಿನ್ನಿಸ್ತೀನಿ" ಅಂದೆ, ಎದೆ ತಟ್ಟಿಕೊಂಡು. ಗೆಳೆಯನೂ ಅವನ ಹೆಂಡತಿಯೂ ಅಲ್ಲೇ ಇದ್ದರು.

ಊರಿಗೆ ಬಂದ ದಿನ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಸುತ್ತ ಕೂತಿದ್ದರು. ಅವ್ವ ಡಬ್ಬಿ ತೆಗೆದು ಒಂದು ಕಜ್ಜಾಯ ಎತ್ತಿ ಬೆಳಕಿಗೆ ಹಿಡಿದಳು. "ಯಾರ್ಲಾ ಮಾಡುದ್ದು ಇದ?" ಅಂದಳು. ಅಷ್ಟೇ ಕೇಳಿದ್ದು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಪಾಠ ಮಾಡಿ ಹೊಟ್ಟೆ ಹೊರೆಯುವವನು ಬೇರೆ. ಬಾಯಿಂದ ಬಂದದ್ದು, "ಅಂಗ್ಡೀದು ಕಣವ್ವ."

ಅವ್ವ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನನ್ನ ಮುಖ ನೋಡಿದಳು. ಇನ್ನೊಂದು ಚೂರು ಹಾಕಿಕೊಂಡಳು. "ಚೆಂದಾಗೈತೆ" ಅಂದು ಮೂರು ತಿಂದಳು.

ಎರಡು ದಿನ ಕಳೆದು ಮಂಡ್ಯದ ಮನೆಯಲ್ಲಿದ್ದಾಗ ಗೆಳೆಯನ ಫೋನು. "ಅವ್ವ ಕೇಳ್ತಾವ್ಳೆ, ತಗಾ" ಎಂದು ತಾಯಿಯ ಕೈಗೇ ಕೊಟ್ಟುಬಿಟ್ಟ.

"ತಿಂದ್ರಾ ಬುದ್ದೀ ಅವ್ವಾರು?"

"ತಿಂದ್ರು. ಚೆನ್ನಾಗಿದೆ ಅಂದ್ರು. ಮೂರು ತಿಂದ್ರು."

"ಅಂಗ್ಡೀದು ಅಂದ್ರಾ ನೀವು?"

ಅಲ್ಲಿ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವರೇ ಹೇಳಿಕೊಟ್ಟ ಸುಳ್ಳು ಅದು. ಆದರೆ ಅವರ ಮಗನ ಎದುರು ಎದೆ ತಟ್ಟಿಕೊಂಡಿದ್ದೆನಲ್ಲ! "ಇಲ್ಲ, ನೀವು ಮಾಡಿದ್ದು ಅಂತಲೇ ಹೇಳಿದೆ" ಅಂದೆ. ಆ ಕಡೆ ಮೂಗು ಎಳೆದುಕೊಂಡ ಸದ್ದು. "ಅಂಗಾರೆ ಬಂದಾಗ ಬಿಸಿಬಿಸೀದು ಸುಟ್ಕೊಂಡ್ ಬಂದು ಕೊಡ್ತೀನಿ" ಅಂದರು.

ಅವರು ಊರಿಗೆ ಬರುವುದರೊಳಗೆ ಅವ್ವನಿಗೆ ನಿಜ ಹೇಳಿಬಿಡಬೇಕು ಎಂದುಕೊಂಡೆ. ಎರಡು ತಿಂಗಳು ಅಂದುಕೊಳ್ಳುತ್ತಲೇ ಇದ್ದೆ. ಭಾನುವಾರ ಬಂದರೆ ಊರಿಗೆ ಹೋಗುವುದು, ಅವ್ವ ಏನೋ ಕೆಲಸದಲ್ಲಿರುವುದು, ನಾನು ಸದ್ಯ ಎಂದುಕೊಂಡು ವಾಪಸ್ ಬರುವುದು.

ಅವರು ಬಂದೇ ಬಿಟ್ಟರು. ಅವ್ವ ಜಗಲಿಯ ಮೇಲೆ ಹುಣಸೆ ಹಣ್ಣು ಬಿಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಪೇಪರ್ ಓದುತ್ತಿದ್ದೆ. ಅವರು ಹೊಸ ಸೀರೆ ಉಟ್ಟಿದ್ದರು, ಕೈಯಲ್ಲಿ ಇನ್ನೊಂದು ಸ್ಟೀಲ್ ಡಬ್ಬಿ. ಜಗಲಿಯ ಕೆಳಗೆ, ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ನಗುತ್ತ ಅಂದರು, "ಅವತ್ ಬುದ್ದಿ ಕೈಲಿ ಕಳ್ಸಿದ್ ಕಜ್ಜಾಯ ಇಡುಸ್ತಂತಲ್ಲ ಅವ್ವಾ?"

ಅವ್ವ ಹುಣಸೆಯಿಂದ ಕೈ ತೆಗೆದು ನನ್ನನ್ನು ನೋಡಿದಳು. ನಾನು ಪೇಪರ್ ನೋಡಿದೆ. ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಈಗ, ಈಗ ಬಾಯಿ ಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರ ನಗು ನಿಂತಿತು. ಅವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಅದು ಅಂಗ್ಡೀದು ಕಣವ್ವ" ಅಂದರು. "ಅಲ್ಲೆಲ್ಲ ಸಿಕ್ತೈತೆ. ನಾನೇ ತರ್ಸಿದ್ದೆ. ಇದು ಮಾತ್ರ ನಾ ಸುಟ್ಟುದ್ದು. ತಿನ್ನಂಗಿದ್ರೆ ತಿನ್ನಿ, ಇಲ್ದಿದ್ರೆ ದನಕ್ಕಾಕ್ಬುಡಿ."

ಡಬ್ಬಿಯನ್ನು ಜಗಲಿಯ ಅಂಚಿಗೆ ಇಟ್ಟರು. ಕಾಫಿ ಬೇಡ ಅಂದರು. ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬೀದಿಗಿಳಿದು ಹೋದರು. ನನ್ನ ಮಾನ ಉಳಿಸಲು ಅವರು ತಮ್ಮ ಕೈಯ ಕಜ್ಜಾಯವನ್ನೇ ಅಂಗಡಿಗೆ ಬಿಟ್ಟುಕೊಟ್ಟಿದ್ದರು. ನಾನು ಎದ್ದು ನಿಲ್ಲಲೂ ಇಲ್ಲ.

ಅವ್ವ ಕೈ ತೊಳೆದುಕೊಂಡು ಬಂದು ಡಬ್ಬಿ ತೆಗೆದಳು. ಒಂದು ತಿಂದಳು, ನಿಧಾನಕ್ಕೆ.

"ಐರ್ಲೆಂಡ್ನಲ್ಲಿ ನಮ್ ಬೆಲ್ಲ ಮಾರ್ತಾರೇನ್ಲಾ?" ಅಂದಳು.

ನಾನು ಪೇಪರ್ ಮಡಿಸಿಟ್ಟೆ.

"ನಾನ್ ಕೂತ್ಕಂಡ್ ಕಾಯ್ಸಿದ್ ಬೆಲ್ಲ ನಂಗ್ ಗೊತ್ತಾಗಾಕಿಲ್ವಾ? ಬಾಯಿಗಾಕ್ಕಂಡ ತಕ್ಸಣ ಗೊತ್ತಾಯ್ತು, ಅವ್ಳ್ ಕೈದು ಅಂತ."

"ಮತ್ತೆ ಯಾಕವ್ವ ಸುಮ್ನಿದ್ದೆ?"

"ನೀ ಅಂಗ್ಡೀದು ಅಂದ್ಯಲ್ಲ. ನಾನೂ ಅಂಗ್ಡೀದು ಅಂತ್ಲೇ ತಿಂದೆ. ನೀ ನಿಜ ಯೋಳಿದ್ರೆ ತಿಂತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ. ನೀನು ಕೇಳ್ಬೇಕಿತ್ತು."

ಇಷ್ಟು ವರ್ಷ ಎಲ್ಲವನ್ನೂ ಅವ್ವನ ತಲೆಗೆ ಕಟ್ಟಿ ನಾನು ಓದಿದವನ ಹಾಗೆ ಆರಾಮಾಗಿದ್ದೆ. ಅವ್ವ ಹಳೇ ಕಾಲದವಳು, ಅವಳಿಗೆ ನೋವಾಗುತ್ತದೆ, ಅವಳಿರುವ ತನಕ ಹೀಗೇ ಇರಲಿ ಅಂತ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಒಪ್ಪಿಬಿಡುತ್ತಾಳೋ ಎಂಬ ಭಯ ನನಗೇ ಇತ್ತೇನೋ.

ಕಜ್ಜಾಯ ನಾಲ್ಕೇ ದಿನದಲ್ಲಿ ಮುಗಿಯಿತು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ಅವ್ವ ಅದರ ತುಂಬ ಬೆಲ್ಲ ತುಂಬಿಟ್ಟಳು. "ನೀನೇ ಓಗಿ ಕೊಟ್ಟು, ಅಲ್ಲೇ ಉಂಡ್ಕೊಂಡ್ ಬಾ" ಅಂದಳು. ಅವರ ಮನೆ ನಮ್ಮ ಬೀದಿ ದಾಟಿದರೆ ಸಿಗುತ್ತದೆ. ಅವರ ಟೇಬಲ್ಲಿಗೆ ಕೂರಲು ಐರ್ಲೆಂಡಿನ ತನಕ ಹೋದವನಿಗೆ ಆ ಬೀದಿ ದಾಟಲು ಇನ್ನೂ ಆಗಿಲ್ಲ. ಪ್ರತಿ ಭಾನುವಾರ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮಂಡ್ಯದಿಂದ ಊರಿಗೆ ಹೋಗುತ್ತೇನೆ, ಸಂಜೆ ಹಾಗೇ ವಾಪಸ್ ತರುತ್ತೇನೆ.