ರುದ್ರಮ್ಮನ ಕೈಗೆ ಬಿದ್ದ ಗಂಟು

ಸಹಾಯ ಮಾಡಲು ಹೋಗಿ ಬೈಸಿಕೊಂಡೆ. ಅದೂ ಯಾರಿಂದ? ಹೊನ್ನಾಳಿ ಬಸ್ ಸ್ಟ್ಯಾಂಡ್ ಮುಂದೆ ಹೂ ಮಾರುವ ರುದ್ರಮ್ಮನಿಂದ. ಇಷ್ಟು ವರ್ಷದ ಸ್ನೇಹದಲ್ಲಿ ಒಮ್ಮೆಯೂ ದನಿ ಏರಿಸದವರಿಂದ!

ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು. ಬಲಗೈ ಮಾತ್ರ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಹಿಸುಕಿ ಹಿಸುಕಿ ಅಭ್ಯಾಸ ಮಾಡಲಿ ಎಂದು ಆಸ್ಪತ್ರೆಯವರು ಸ್ಪಂಜಿನ ಬಾಲ್ ಕೊಟ್ಟಿದ್ದರು. ಎರಡು ತಿಂಗಳ ನಂತರ ನ್ಯಾಮತಿಯ ಅವರ ಮನೆಗೆ ಹೋದಾಗ ಬಾಲ್ ಮೂಲೆ ಸೇರಿತ್ತು. ರುದ್ರಮ್ಮನ ಮುಂದೆ ಒಂದು ಮೊರ ಕಾಕಡ ಹೂ, ಬಟ್ಟಲು ನೀರಿನಲ್ಲಿ ನೆನೆಹಾಕಿದ ಬಾಳೆನಾರು.

“ಚೆಂಡು ಹಿಸುಕಿ ಬ್ಯಾಸ್ರ ಆಗೈತೆ ಅಕ್ಕಾ. ಈ ಕೈಗೆ ಹೂ ಕಟ್ಟಾಕೆ ಬಿಟ್ರೆ ಇನ್ನೇನೂ ಗೊತ್ತಿಲ್ಲ. ಅದನ್ನೇ ನೆಪ್ಪು ಮಾಡಿಸ್ತೀನಿ.”

ಎಡಗೈಯಲ್ಲಿ ಹೂ ಜೋಡಿಸಿದರು. ಬಲಗೈ ಬೆರಳಿಗೆ ನಾರು ಸುತ್ತಿದರು. ಎಳೆದರು. ಜಾರಿತು. ಮತ್ತೆ ಸುತ್ತಿದರು. ಮತ್ತೆ ಜಾರಿತು. ಹದಿನೈದು ನಿಮಿಷವಾದರೂ ಒಂದು ಗಂಟು ಬೀಳಲಿಲ್ಲ. (ನೋಡುತ್ತಾ ಕೂರುವವರ ಕಷ್ಟವೇ ದೊಡ್ಡದು ಅಂದುಕೊಳ್ಳುವ ಜಾತಿ ನನ್ನದು.) ತಡೆಯಲಾರದೆ ನಾರು ಕಸಿದು ನಾನೇ ಟಕ್ಕಂತ ಗಂಟು ಹಾಕಿದೆ.

“ಬಿಡ್ರಿ! ನೀವು ಕಟ್ಟಿದ್ರೆ ನನ್ ಕೈಗೆ ಹೆಂಗ್ ಗೊತ್ತಾಗ್ತೈತೆ?”

ಬೈದವರೇ ಅತ್ತುಬಿಟ್ಟರು. ನಾನೂ ಅತ್ತೆ. ಅವರ ಗಂಡ ಶಿವಣ್ಣ ಎರಡು ಲೋಟ ಟೀ ತಂದಿಟ್ಟು ಹೊರಗೆ ಹೋದರು.

ಟೀ ಕುಡಿದ ಮೇಲೆ ರುದ್ರಮ್ಮ ಒಣ ನಾರೊಂದನ್ನು ನನ್ನ ಕೈಗಿತ್ತರು. “ಎಳೀರಿ.” ಎಳೆದೆ. ಪಟ್ಟನೆ ತುಂಡಾಯಿತು. ನೀರಿನಲ್ಲಿದ್ದುದನ್ನು ಕೊಟ್ಟರು. ನನ್ನ ಬೆರಳು ಕೆಂಪಾಯಿತು, ನಾರು ಹರಿಯಲಿಲ್ಲ.

“ಒಣಗಿದ್ದು ನೋಡಾಕೆ ಬಿರುಸು, ಅಷ್ಟೇ. ನೆನೆದಿದ್ದೇ ತಡ್ಕಳಾದು,” ಎಂದು ಕಣ್ಣೊರೆಸಿಕೊಂಡರು.

ಛಲ ಎಂದರೆ ಹಲ್ಲು ಕಚ್ಚಿ, ಕಣ್ಣು ಒದ್ದೆಯಾಗದಂತೆ ನಿಲ್ಲುವುದು ಎಂದೇ ನಾನು ನಂಬಿದ್ದೆ. ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೇವಲ್ಲ, ‘ಅಳಬೇಡ, ಗಟ್ಟಿಯಾಗು’ ಅಂತ? ಹಾಗಾದರೆ ಇವತ್ತು ಅತ್ತು, ನಾಳೆ ಮತ್ತೆ ಮೊರ ಮುಂದಿಟ್ಟುಕೊಂಡು ಕೂರುವವರನ್ನು ಏನೆನ್ನೋಣ?

ಮೊದಲ ಗಂಟು ಬಿದ್ದದ್ದು ಅದಾಗಿ ಮೂರು ವಾರಕ್ಕೆ. ಶಿವಣ್ಣ ಫೋನ್ ಮಾಡಿದರು. “ಬಿತ್ರೀ!” ಅಷ್ಟೇ.

ಈಗ ರುದ್ರಮ್ಮ ಮತ್ತೆ ಬಸ್ ಸ್ಟ್ಯಾಂಡ್ ಮುಂದಿದ್ದಾರೆ. ಹರಟುತ್ತಲೇ ಮಾರುಗಟ್ಟಲೆ ಹೂ ಕಟ್ಟುತ್ತಿದ್ದವರಿಗೆ ಒಂದು ಮೊಳಕ್ಕೇ ಹತ್ತು ನಿಮಿಷ ಬೇಕು. ಮೊನ್ನೆ ಚನ್ನಗಿರಿ ಬಸ್ಸಿಗೆ ಹೊರಟ ಹೆಂಗಸೊಬ್ಬರು “ಬೇಗ ಕಟ್ರಿ” ಎಂದು ಅವಸರಿಸಿದರು. ರುದ್ರಮ್ಮ ತಲೆ ಎತ್ತಲಿಲ್ಲ. “ನನ್ ಕೈ ನಿಧಾನ ಐತೆ ಕಣ್ರೀ. ಕುತ್ಗಳ್ರಿ, ಇನ್ನೊಂದ್ ಬಸ್ ಬರ್ತೈತೆ.”

ಆಕೆ ಆ ಬೆರಳುಗಳನ್ನು ನೋಡಿದರು. ಬ್ಯಾಗ್ ಕೆಳಗಿಟ್ಟು ಪಕ್ಕದಲ್ಲೇ ಕುಳಿತರು. ಬಸ್ ಹೋಯಿತು.

ಇಂಥವರಿಗೆ ಚಪ್ಪಾಳೆ ತಟ್ಟುವವರು ಬೇಕಾದಷ್ಟಿದ್ದೇವೆ. ಹತ್ತು ನಿಮಿಷ ಕಾಯುವವರು ಎಷ್ಟು ಜನ?