ಪ್ಲೈವುಡ್ ಗೋಡೆಯ ಆಚೆಯವರು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ‘ಇದು ನನಗೇ ಆದದ್ದು’ ಎಂದು ಯಾರಾದರೂ ದನಿ ತಗ್ಗಿಸಿದರೆ ಟೀ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ದನಿ ತಗ್ಗಿಸಿ ಕೂತಿದ್ದೇನೆ. ನಂಬಿ ಎಂದು ಒತ್ತಾಯವಿಲ್ಲ. ಆದರೆ ಈ ಅನುಭವದಲ್ಲಿ ವಿಸ್ಮಯಕ್ಕಿಂತ ಅಸಹ್ಯವೇ ಹೆಚ್ಚು, ಅದನ್ನು ಮಾತ್ರ ಮುಚ್ಚಿಡುವುದಿಲ್ಲ.

ಫುಟ್‌ಬಾಲ್ ವಿಶ್ವಕಪ್ಪಿಗಾಗಿ ದೋಹಾವನ್ನು ಉದ್ದಗಲಕ್ಕೂ ಅಗೆದು ಹಾಕಿದ್ದ ವರ್ಷಗಳು ಅವು. ನಾನು ವೆಸ್ಟ್ ಬೇಯ ಆಫೀಸೊಂದರಲ್ಲಿ ಸ್ಟೇಡಿಯಂ ನಕ್ಷೆಗಳ ಫೈಲು ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಅಲ್ ಮನ್ಸೂರಾದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಒಂದೇ ಫ್ಲಾಟಿಗೆ ಪ್ಲೈವುಡ್ ಹೊಡೆದು ಐದು ಕೋಣೆ ಮಾಡಿದ್ದರು. ಅದನ್ನು ನಡೆಸುತ್ತಿದ್ದವರು ಕಾಸರಗೋಡಿನ ಹಮೀದಿಕ್ಕ. ನನ್ನ ಕೋಣೆಗೆ ಕಿಟಕಿ ಇರಲಿಲ್ಲ. ಮಂಚ ಹಾಕಿದ ಮೇಲೆ ಉಳಿದದ್ದು ಚಪ್ಪಲಿ ಬಿಡುವಷ್ಟು ಜಾಗ. ಮೈಸೂರಿನ ನಮ್ಮ ಮನೆಯ ಬಚ್ಚಲು ಇದಕ್ಕಿಂತ ದೊಡ್ಡದು.

ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು, ಅವರನ್ನು ಏಳು ತಿಂಗಳಲ್ಲಿ ಒಮ್ಮೆಯೂ ನೋಡಲಿಲ್ಲ. ಮಲ್ಪೆ ಕಡೆಯವರು, ಸೈಟಿನಲ್ಲಿ ವೈರಿಂಗ್ ಕೆಲಸ, ಯಾವಾಗಲೂ ರಾತ್ರಿ ಪಾಳಿ ಎಂದು ಹಮೀದಿಕ್ಕ ಹೇಳಿದ್ದರು. ನನಗೆ ಗೊತ್ತಿದ್ದದ್ದು ಅವರ ಕೆಮ್ಮು, ಬಾಗಿಲ ಹೊರಗೆ ಬಿಡುತ್ತಿದ್ದ ಸಿಮೆಂಟು ಮೆತ್ತಿದ ಬೂಟು, ಮತ್ತು ಆ ವಾಸನೆ. ಬೆಳಿಗ್ಗೆ ಕೆಲಸದಿಂದ ಬಂದವರೇ ಕೋಣೆಯೊಳಗಿನ ಕರೆಂಟ್ ಒಲೆಯಲ್ಲಿ ಒಣಮೀನು ಸುಡುತ್ತಿದ್ದರು. ನಾನು ಆಗಷ್ಟೇ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುವ ಹೊತ್ತು. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ ಮನೆಯಿಂದ ಬಂದವನು ನಾನು. ಟವೆಲಿನಿಂದ ಮೂಗು ಮುಚ್ಚಿಕೊಂಡೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಆಫೀಸಿನ ಲಿಫ್ಟಿನಲ್ಲಿ ಪಕ್ಕದವರು ಮೂಗು ಉಜ್ಜಿಕೊಂಡರೂ ನನ್ನ ಅಂಗಿಯದೇ ವಾಸನೆ ಇರಬೇಕೆಂದು ಕುಗ್ಗಿಹೋಗುತ್ತಿದ್ದೆ.

ಕೋಪ ಬಂದಾಗ ಪ್ಲೈವುಡ್ಡಿಗೆ ಧಬಧಬ ಗುದ್ದುತ್ತಿದ್ದೆ. ಆಚೆಯಿಂದ ಮೆಲ್ಲಗೆ ಎರಡು ಬಾರಿ ತಟ್ಟಿದ ಸದ್ದು ಬರುತ್ತಿತ್ತು. ಗೇಲಿ ಮಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಸಂಜೆಯೂ ಶುರುವಾಯಿತು. ನಾನು ಬಂದು ದೀಪ ಹಾಕುವುದೇ ತಡ, ಕೆಲಸಕ್ಕೆ ಹೊರಡುವ ಮುಂಚೆ ಅವರು ಎರಡು ಸಲ ತಟ್ಟುವರು. ತಿರುಗಿ ತಟ್ಟುವುದಕ್ಕೆ ನನ್ನ ಬೆರಳಿಗೇನೂ ನೋವಿರಲಿಲ್ಲ, ಆದರೂ ತಟ್ಟಲಿಲ್ಲ. ಮೀನಿನ ಜಿಡ್ಡು ಹತ್ತಿದ ಆ ಕೈಯನ್ನು ಕಲ್ಪಿಸಿಕೊಂಡು ಮುಖ ಕಿವುಚುತ್ತಿದ್ದೆ.

ಜುಲೈ ತಿಂಗಳ ಒಂದು ಬುಧವಾರ ತಡೆಯಲಾಗದೆ ಹಮೀದಿಕ್ಕನಿಗೆ ಮೆಸೇಜು ಹಾಕಿದೆ: ‘ಇದು ಮನುಷ್ಯರು ಇರುವ ಜಾಗವೋ, ಮೀನಿನ ಗೋದಾಮೋ? ಒಂದೋ ಅವನಿರಬೇಕು, ಇಲ್ಲಾ ನಾನು.’ ನೋಡುತ್ತೇನೆ ಎಂದು ಉತ್ತರ ಬಂತು. ಮರುದಿನದಿಂದ ವಾಸನೆ ನಿಂತಿತು. ತಟ್ಟುವ ಸದ್ದೂ ನಿಂತಿತು. ಹಮೀದಿಕ್ಕ ಸರಿಯಾಗಿ ಬಿಸಿ ಮುಟ್ಟಿಸಿದ್ದಾರೆ ಎಂದು ನೆಮ್ಮದಿಯಾಗಿ ಮಲಗಿದೆ.

ಮುಂದಿನ ವಾರ ಗುರುವಾರ ಸಂಜೆ, ಯಾವಾಗಲೋ ಕಲಸಿಟ್ಟಿದ್ದ ಮೊಸರನ್ನ ತಿಂದೆ. ವಾಂತಿ, ಭೇದಿ ಶುರುವಾಯಿತು, ರಾತ್ರಿಗೆ ಜ್ವರವೂ ಏರಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಏಳುವ ತ್ರಾಣವೂ ಇರಲಿಲ್ಲ. ಹಾಸಿಗೆಯಲ್ಲೇ ಎಲ್ಲ ಆಗಿತ್ತು. ಇನ್ನೊಬ್ಬರ ವಾಸನೆಗೆ ಮೂಗು ಮುಚ್ಚಿದ್ದವನು ನನ್ನದೇ ಹೊಲಸಿನಲ್ಲಿ ಬಿದ್ದಿದ್ದೆ. ಅಷ್ಟರಲ್ಲಿ ಏಸಿಯೂ ನಿಂತುಹೋಯಿತು. ಫೋನು ಮಂಚದ ಕೆಳಗೆಲ್ಲೋ ಜಾರಿತ್ತು. ಫ್ಲಾಟಿನಲ್ಲಿ ಕೆಲವರು ನಮಾಜಿಗೆ ಹೋಗಿದ್ದರು, ಮಿಕ್ಕವರು ರಜೆಯ ತಿರುಗಾಟಕ್ಕೆ. ಕೂಗಿದರೆ ದನಿ ಬರಲಿಲ್ಲ. ಗೋಡೆ ತಟ್ಟಬೇಕೆಂದು ಕೈ ಎತ್ತಲು ನೋಡಿದೆ, ಕೈ ಏಳಲಿಲ್ಲ. ಸಾಯುವುದು ಹೀಗೇ ಇರಬೇಕು ಎಂದು ಅನ್ನಿಸಿದ್ದು ಚೆನ್ನಾಗಿ ನೆನಪಿದೆ.

ಆಗ ಆಚೆಯಿಂದ ಸದ್ದು ಬಂತು. ಎರಡು ಸಲ. ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ನಾನು ಉತ್ತರ ಕೊಡಲಿಲ್ಲ, ಕೊಡಲಾಗಲಿಲ್ಲ. ಸದ್ದು ನಿಲ್ಲದೆ ಜೋರಾಗುತ್ತ ಹೋಯಿತು. ಕೊನೆಗೆ ನನ್ನ ಬಾಗಿಲಿನ ಚಿಲಕ ಕಿತ್ತುಬಂದು ಹಮೀದಿಕ್ಕನ ಮುಖ ಕಂಡಿತು. ಮುಂದಿನದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆ. ಇನ್ನೊಂದೆರಡು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನೋಡಲು ಬಂದ ಹಮೀದಿಕ್ಕನಿಗೆ, ಪಕ್ಕದ ಕೋಣೆಯವರಿಗೆ ಥ್ಯಾಂಕ್ಸ್ ಹೇಳಬೇಕು ಎಂದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು.

“ಶೇಖರನಿಗಾ? ನೀವು ಮೆಸೇಜ್ ಹಾಕಿದ ಮರುದಿನವೇ ಅವನನ್ನು ಕಳ್ಸಿದ್ದಲ್ವಾ ಮಾರಾಯ್ರೆ! ಆ ರೂಮು ಖಾಲಿ. ಬೀಗದ ಕೈ ನನ್ನ ಹತ್ರವೇ ಉಂಟು.”

ಶುಕ್ರವಾರ ನಮಾಜು ಮುಗಿಸಿ ಅವರು ಹೊಸಬನೊಬ್ಬನಿಗೆ ಆ ಕೋಣೆ ತೋರಿಸಲು ಬಂದಿದ್ದರಂತೆ. ಮೆಟ್ಟಿಲಿನವರೆಗೂ ಸದ್ದು ಕೇಳುತ್ತಿತ್ತಂತೆ. ಬೀಗ ಹಾಕಿದ ಕೋಣೆಯ ಒಳಗಿನಿಂದಲೇ ಬಂದಂತಿತ್ತು. ಬೀಗ ತೆಗೆದರೆ ಯಾರೂ ಇಲ್ಲ, ಸದ್ದೂ ಇಲ್ಲ. ಎರಡು ಸಲ ಫಿನೈಲ್ ಹಾಕಿ ತೊಳೆಸಿದ್ದರೂ ಒಳಗೆ ಒಣಮೀನಿನ ವಾಸನೆ ಗಮ್ಮೆಂದಿತಂತೆ. ಹಾಗಾದರೆ ತಟ್ಟಿದ್ದು ನಾನೇ ಇರಬೇಕೆಂದು ನನ್ನ ಬಾಗಿಲು ಒಡೆದರು. ಹೊಸಬ ಕೋಣೆಯೇ ಬೇಡವೆಂದು ಇಳಿದುಹೋದ. ಹಮೀದಿಕ್ಕನಿಗೆ ಇವತ್ತಿಗೂ ತಟ್ಟಿದ್ದು ನಾನೇ. ನನ್ನ ಕೈ ಎದ್ದಿರಲಿಲ್ಲ ಎಂಬುದು ನನಗೊಬ್ಬನಿಗೆ ಗೊತ್ತು.

ಹೊರಡುವಾಗ ಶೇಖರಣ್ಣ ಜಗಳ ಮಾಡಲಿಲ್ಲವಂತೆ. ಹೇಳಿದ್ದು ಇಷ್ಟೇ: “ಪಕ್ಕದ ಸಾರ್ ಒಬ್ಬರೇ ಇರುದು. ತಟ್ಟಿದ್ರೆ ತಿರುಗಿ ತಟ್ಟುದಿಲ್ಲ. ಸ್ವಲ್ಪ ನೋಡ್ಕೊಳ್ಳಿ.”

ಅವರ ನಂಬರು ಸಿಕ್ಕಿದರೂ ಫೋನು ಮಾಡಲು ನನಗೆ ಎರಡು ತಿಂಗಳು ಬೇಕಾಯಿತು. ಊರಾಚೆಯ ಲೇಬರ್ ಕ್ಯಾಂಪಿನಲ್ಲಿದ್ದರು, ಒಂದು ಕೋಣೆಗೆ ಎಂಟು ಜನ. ಮೊದಲು ಹೆಸರು ಹೇಳಿಕೊಂಡೆ, ಆಮೇಲೆ ಆ ಶುಕ್ರವಾರದ ಕತೆಯನ್ನೆಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಯಾವುದೋ ಒಂದು ಮಧ್ಯಾಹ್ನ ಮಲಗಿದ್ದಾಗ ರೂಮಿನವರು ತಮ್ಮನ್ನು ಬೈದು ಎಬ್ಬಿಸಿದ್ದರು ಎಂದರು. ನಿದ್ದೆಯಲ್ಲೇ ಗೋಡೆ ತಟ್ಟುತ್ತಿದ್ದರಂತೆ. ಶುಕ್ರವಾರವೇ ಹೌದಾ ಎಂದು ಕೇಳಿದೆ. ವಾರ ನೆನಪಿಲ್ಲ ಎಂದರು.

ಜ್ವರದ ಭ್ರಮೆ ಎನ್ನುವುದಾದರೆ ಹಮೀದಿಕ್ಕನಿಗೆ ಜ್ವರವಿರಲಿಲ್ಲ. ಒಣಮೀನಿನ ವಾಸನೆಗೆ ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ, ಸುಳ್ಳು ಹೇಳಲಾರೆ. ಅದಕ್ಕಿಂತ ಹೆಚ್ಚು ಹೇಸಿಗೆಯಾಗುವುದು ಆ ಮೆಸೇಜನ್ನು ತೆರೆದಾಗ. ಅದನ್ನು ಅಳಿಸಿಲ್ಲ, ಆಗಾಗ ಓದುತ್ತೇನೆ. ಮನೆ ಬದಲಾಯಿಸಿದಾಗಲೆಲ್ಲ ಸಾಮಾನು ಬಿಚ್ಚುವ ಮೊದಲು ಪಕ್ಕದವರ ಬಾಗಿಲು ತಟ್ಟಿ ಮುಖ ನೋಡಿ ಬರುತ್ತೇನೆ.

ಆವತ್ತು ಫೋನಿಡುವ ಮುಂಚೆ ಶೇಖರಣ್ಣ ನನ್ನನ್ನು ಕ್ಯಾಂಪಿಗೆ ಊಟಕ್ಕೆ ಕರೆದರು. ನಾನು ತಡವರಿಸಿದೆ. ಆ ಮೆಸೇಜಿನ ಸುದ್ದಿ ಅವರಿಗೆ ತಲುಪಿರಲಿಕ್ಕಿಲ್ಲ ಎಂದೇ ಅಲ್ಲಿಯವರೆಗೂ ನಂಬಿದ್ದೆ.

“ಬನ್ನಿ ಸಾರ್,” ಎಂದರು. “ನೀವು ಬರುವ ದಿನ ಮೀನು ಮಾಡುದಿಲ್ಲ.”