ಅವ್ವಣ್ಣ ಹಂಚಿಕೊಂಡ ಅವ್ವಣ್ಣನ ಶ್ರದ್ಧಾಂಜಲಿ

ಪುಣೆ ಹತ್ತಿರದ ನಿಗಡಿಯ ಕನ್ನಡ ಸಂಘದವರು ಅವ್ವಣ್ಣನಿಗೆ ಶಾಲು ಹೊದಿಸಿದ್ದು ರವಿವಾರ. ಶಹಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಇಟ್ಟಿಗೆ ಹೊತ್ತು, ಮೇಸ್ತ್ರಿಯಾಗಿ, ತಳೇಗಾಂವದ ತನಕ ಮನೆ ಕಟ್ಟಿ, ಈಗ ಮೊಣಕಾಲು ಬಗ್ಗದೆ ಕುಳಿತಿದ್ದ ಮನುಷ್ಯ. ಸನ್ಮಾನದಲ್ಲಿ ಅವನು ಆಡಿದ್ದು ಒಂದೇ ಮಾತು: "ಎಲ್ಲಾರಿಗೂ ಊಟ ಅದ, ಹೋಗಬ್ಯಾಡ್ರಿ."

ಸಂಘದ ವೆಬ್‌ಸೈಟ್ ನೋಡಿಕೊಳ್ಳುವವನು ಮನೋಹರ, ಚಾಕಣದ ಕಾರ್ಖಾನೆಯಲ್ಲಿ ಫಿಟರ್. ತೀರಿಕೊಂಡ ಸದಸ್ಯರೊಬ್ಬರ ಬಗ್ಗೆ ಹಿಂದೆ ಹಾಕಿದ್ದ ಪುಟವನ್ನೇ ನಕಲು ಮಾಡಿ, ಫೋಟೋ ಬದಲಿಸಿ, ಸನ್ಮಾನದ ಸುದ್ದಿ ಬರೆದ. ತಲೆಬರಹ ಬದಲಿಸುವುದು ಮರೆತ. ಲಿಂಕನ್ನು ಸಂಘದ ಗುಂಪುಗಳಿಗೆ ಹಾಕಿದ ಮೇಲೆ ತಪ್ಪು ಕಂಡಿತು. ಕೂಡಲೇ ತಿದ್ದಿ, ನೆಮ್ಮದಿಯಿಂದ ಶಿಫ್ಟಿಗೆ ಹೋದ.

ಲೇಖನ ಸರಿಯಾಯಿತು. ಲಿಂಕಿನ ಜೊತೆ ಕಾಣುವ ಚೌಕ ಸರಿಯಾಗಲಿಲ್ಲ. ಅದರಲ್ಲಿ ಶಾಲು ಹೊದ್ದ ಅವ್ವಣ್ಣ ನಗುತ್ತಿದ್ದ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ಅವ್ವಣ್ಣ ಫೋಟೋ ಮೆಚ್ಚಿದ. ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಊರಿನವರಿಗೆಲ್ಲ ಹಂಚಿದ. 'ಓಂ ಶಾಂತಿ' ಎಂದವರಿಗೆಲ್ಲ ಕೈಮುಗಿದ ಚಿತ್ರ ಕಳಿಸಿದ. ಯಾರಿಗೂ ಅನುಮಾನ ಬರಲಿಲ್ಲ. ಮನೆಯವರು ಅವನ ಫೋನಿನಿಂದ ಉತ್ತರಿಸುತ್ತಿದ್ದಾರೆ ಅಂದುಕೊಂಡರು.

ಮರುದಿನ ಮನೋಹರ ಓಡಿ ಬಂದ. "ಕಾಕಾ, ನೀವು ಹಂಚಿದ್ದು ಓದೀರೇನ್ರಿ?"

"ಓದೂದೇನದ? ನಾನ ಅಲ್ಲೇ ಇದ್ದೆನಲ್ಲೋ."

ವಿಷಯ ತಿಳಿಸಿ, ಮನೋಹರ ಮೇಲಿನ ಮಹಡಿಯ ಶಾಲಿನಿಯನ್ನು ಕರೆತಂದ. ಮೈಸೂರಿನವಳು, ಐಟಿ ಕೆಲಸ.

"ಲಿಂಕ್ ಮೊದಲ ಸಲ ಹಾಕಿದಾಗ ಏನಿತ್ತೋ ಆ್ಯಪ್ ಅದನ್ನೇ ಇಟ್ಕೊಂಡಿರುತ್ತೆ ಅಂಕಲ್. ಆಮೇಲೆ ತಿದ್ದಿದ್ದು ಅದಕ್ಕೆ ಗೊತ್ತಾಗಲ್ಲ. ನಾವೇ ರಿಫ್ರೆಶ್ ಮಾಡಿಸ್ಬೇಕು." ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. ಚೌಕದಲ್ಲಿ 'ಹಿರಿಯ ಮೇಸ್ತ್ರಿಗೆ ಸನ್ಮಾನ' ಎಂದು ಮೂಡಿತು. "ಹಳೇ ಪೋಸ್ಟ್ ಡಿಲೀಟ್ ಮಾಡಿ, ಮತ್ತೆ ಶೇರ್ ಮಾಡಿ. ಆದ್ರೆ ಜನ ಆಗಲೇ ಫಾರ್ವರ್ಡ್ ಮಾಡಿರೋದು ಹಂಗೇ ಇರುತ್ತೆ."

"ಅಂದ್ರ ಅಲ್ಲಿ ನಾ ಇನ್ನೂ ಸತ್ತೇ ಇರ್ತೀನಿ?"

"ಹೌದು ಅಂಕಲ್."

ಆ ಸತ್ತ ಅವ್ವಣ್ಣ ಅಷ್ಟರಲ್ಲಿ ಶಹಾಪುರ ಮುಟ್ಟಿ, ಅಕ್ಕ ಅಂಬಾಳ ಮಗನ ಫೋನಿಗೆ ಇಳಿದಿದ್ದ. ಅಂಬಾಳ ಮಗಳ ಮದುವೆಗೆ ಸೋದರಮಾವನಾದ ಅವ್ವಣ್ಣ ಹೋಗಿರಲಿಲ್ಲ. ಅಂದು ಸ್ಲ್ಯಾಬ್ ಹಾಕುವುದಿತ್ತು. ಅಂದಿನಿಂದ ಅಕ್ಕ ಮಾತು ಬಿಟ್ಟಿದ್ದಳು. ಫೋನ್ ಮಾಡಿ ಕೇಳುವಷ್ಟು ಬಳಕೆಯೂ ಉಳಿದಿರಲಿಲ್ಲ; ನೇರ ಪುಣೆಯ ಬಸ್ಸು ಹತ್ತಿದಳು.

ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಾಗ ಅವ್ವಣ್ಣ ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದುತ್ತಿದ್ದ.

"ಸತ್ತೀ ಅಂತ ಬಂದೀನಿ. ಕುಂತು ಚಹಾ ಕುಡಿಯಾಕತ್ತೀಯಲ್ಲ!"

"ನೀ ಹಳೇದು ನೋಡೀದಿ ಅಕ್ಕ. ರಿಫ್ರೆಶ್ ಆಗಿಲ್ಲ ಅದು."

ಅಂಬಾ ಚೀಲ ಇಳಿಸಿ ಹೊಸ್ತಿಲ ಮೇಲೇ ಕುಳಿತು ಅಳತೊಡಗಿದಳು. "ಬಸ್ಸಿನಾಗ ಒಂದು ಹನಿ ಬರಲಿಲ್ಲ. ಈಗ ಬರಾಕತ್ತದ ನೋಡು."

ಅವ್ವಣ್ಣ ಏಳಲು ನೋಡಿದ, ಮೊಣಕಾಲು ಬಿಡಲಿಲ್ಲ. ಹೆಂಡತಿ ಶರಣಮ್ಮ ನೀರು ತಂದು ಕೊಟ್ಟಳು.

"ಮದುವಿಗೆ ಬರಲಿಲ್ಲ ನೀ," ಎಂದಳು ಅಂಬಾ, ಮೂಗು ಒರೆಸಿಕೊಂಡು.

"ಸ್ಲ್ಯಾಬ್ ಇತ್ತು ಅಕ್ಕ."

"ನಿನ್ನ ಸಾವಿಗೆ ನಾ ಬಂದೀನಿ ನೋಡು."

ಅವ್ವಣ್ಣ ತನ್ನ ತಟ್ಟೆಯ ಖಾರಿಯನ್ನು ಅವಳತ್ತ ಸರಿಸಿದ. ಅವಳು ಒಂದು ತಿಂದು, ಮಗನಿಗೆ ಫೋನ್ ಹಚ್ಚಿದಳು.

"ಅದಾನಪ್ಪ. ನೀವು ಮಣ್ಣಿಗೆ ಬರಬ್ಯಾಡ್ರಿ. ನಾ ಎಂಟು ದಿನ ಇದ್ದು ಬರ್ತೀನಿ."